ಹಿಂದಿನ ದೀಪ

ನನ್ನ ಹತ್ತಿರ ಒಂದು ಹಳೆಯ ಕಾರಿದೆ. ಈ ಮಾತನ್ನು ಹೇಳುವಾಗ ನನಗೆ ಹೆಮ್ಮೆಯೂ ಆಗುವುದಿಲ್ಲ, ನಾಚಿಕೆಯೂ ಆಗುವುದಿಲ್ಲ. ಮನೆಯಲ್ಲಿ ವಯಸ್ಸಾದ ಚಿಕ್ಕಪ್ಪನೊಬ್ಬನಿದ್ದಾನೆ ಎಂದು ಹೇಳುವಾಗ ಬರುವಂಥ ದನಿಯೇ ಬರುತ್ತದೆ. ಚಿಕ್ಕಪ್ಪನಂತೆಯೇ ಅದಕ್ಕೂ ಬೆಳಗಿನ ಹೊತ್ತು ಕೆಮ್ಮು. ಅವನಂತೆಯೇ ಅದೂ ಏರು ಬಂದರೆ ನಿಂತು ಉಸಿರು ತೆಗೆದುಕೊಳ್ಳುತ್ತದೆ. ಬೇಸಗೆಯಲ್ಲಿ ಸಣ್ಣ ಮಾತಿಗೂ ತಲೆ ಬಿಸಿ ಮಾಡಿಕೊಳ್ಳುತ್ತದೆ. ಆದರೂ ಮದುವೆಗೆ, ಜಾತ್ರೆಗೆ ಅದನ್ನು ಬಿಟ್ಟು ಹೊರಡುವುದು ನಮ್ಮ ಮನೆಯವರಿಗೆ ಸರಿಬರುವುದಿಲ್ಲ.

ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನದ ಪಾಠ ಹೇಳಿದವನು ನಾನು. ಜರ್ಮನಿಯ ಓಮ್ ಮಹಾಶಯ 1827ರಲ್ಲಿ ಪ್ರಕಟಿಸಿದ ನಿಯಮವನ್ನು ಕಪ್ಪು ಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೇನೆಂದರೆ, ಆತನೇ ಅದನ್ನು ಮರೆತಿದ್ದರೂ ನಾನು ಮರೆಯುವಂತಿರಲಿಲ್ಲ. 'ಹ್ರಸ್ವಮಂಡಲ ಎಂದರೇನು? ಎರಡು ಅಂಕ' ಎಂಬ ಪ್ರಶ್ನೆಗೆ ಉತ್ತರ ಬರೆಸಿದ್ದೇನೆ. ತಪ್ಪು ಬರೆದವರ ಕಿವಿಯನ್ನೂ ಹಿಂಡಿದ್ದೇನೆ. ಅಂಥ ನನಗೆ ಆ ಎರಡು ಅಂಕದ ಪ್ರಶ್ನೆಯ ಉತ್ತರ ನಿಜವಾಗಿ ತಿಳಿದದ್ದು ನಿವೃತ್ತನಾದ ಮೇಲೆ, ಹರಪನಹಳ್ಳಿಯಿಂದ ನಮ್ಮೂರಿಗೆ ಬರುವ ರಸ್ತೆಯಲ್ಲಿ, ಒಂದು ಕತ್ತಲ ರಾತ್ರಿ.

ನಮ್ಮೂರು ಕೊಟ್ಟೂರು. ನಮ್ಮ ಕಡೆ ಕಾಲವನ್ನು ಲೆಕ್ಕ ಹಾಕುವುದು ತೇರಿನಿಂದ. ಎಳೆಯುತ್ತಿದ್ದಾಗಲೇ ತೇರು ಉರುಳಿ ಬಿದ್ದದ್ದು 2017ರ ಫೆಬ್ರುವರಿಯಲ್ಲಿ. ಇದು ಅದರ ಹಿಂದಿನ ವರ್ಷದ ಮಾತು. ಮಾಘ ಬಹುಳದಲ್ಲಿ ಮೂಲಾ ನಕ್ಷತ್ರ ಕೂಡಿದಾಗ ಕೊಟ್ಟೂರೇಶ್ವರನ ತೇರು ಹೊರಡುತ್ತದೆ. ಅದಕ್ಕೆ ಮುಂಚಿನ ಮೂರು ನಾಲ್ಕು ದಿನ ನಮ್ಮೂರ ಕಡೆಗೆ ಬರುವ ರಸ್ತೆಗಳೆಲ್ಲ ಕಾಲ್ನಡಿಗೆಯವರ ಸ್ವತ್ತು. ದಾವಣಗೆರೆಯ ಕಡೆಯಿಂದ, ಹರಪನಹಳ್ಳಿಯ ಕಡೆಯಿಂದ, ಇನ್ನೂ ದೂರದ ಊರುಗಳಿಂದ ಜನ ಹರಕೆ ಹೊತ್ತು ನಡೆದು ಬರುತ್ತಾರೆ. ಬಿಸಿಲಿಗೆ ಅಂಜಿ ಬಹಳ ಮಂದಿ ರಾತ್ರಿಯೇ ನಡೆಯುತ್ತಾರೆ. ದಾರಿಯುದ್ದಕ್ಕೂ ಹಳ್ಳಿಯವರು ಚಪ್ಪರ ಹಾಕಿ ಮಜ್ಜಿಗೆ, ಪಾನಕ, ಕಲ್ಲಂಗಡಿ ಹೋಳು, ಅನ್ನ ಸಾರು ಕೊಡುವುದುಂಟು. ಬೊಬ್ಬೆ ಎದ್ದ ಕಾಲಿಗೆ ಎಣ್ಣೆ ತಿಕ್ಕುವ ಪುಣ್ಯವಂತರೂ ಇದ್ದಾರೆ. ಆ ನಾಲ್ಕು ದಿನ ವಾಹನದವನು ರಸ್ತೆಯಲ್ಲಿ ಅತಿಥಿ; ನಡೆಯುವವರೇ ಯಜಮಾನರು.

ತೇರು ಮೂರು ದಿನವಿದೆ ಎನ್ನುವಾಗ, ಹರಪನಹಳ್ಳಿಯಲ್ಲಿ ತಂಗಿಯ ಮನೆಯಲ್ಲಿದ್ದ ಅವ್ವನನ್ನು ಕರೆತರಲು ಹೋದೆ. ಅವ್ವನಿಗೆ ಆಗ ಎಂಬತ್ತು ದಾಟಿತ್ತು. ತೇರಿಗೆ ಅವಳು ಊರಿನಲ್ಲಿ ಇಲ್ಲದ ವರ್ಷವಿರಲಿಲ್ಲ. ಮಧ್ಯಾಹ್ನವೇ ಹೊರಡಬೇಕೆಂದುಕೊಂಡವನು, ತಂಗಿಯ ಮನೆಯ ಊಟ, ಊಟದ ಮೇಲಿನ ನಿದ್ದೆ, ನಿದ್ದೆಯ ಮೇಲಿನ ಚಹಾ, ಚಹಾದ ಮೇಲಿನ ಮಂಡಕ್ಕಿ ಮೆಣಸಿನಕಾಯಿ ಇವುಗಳನ್ನೆಲ್ಲ ದಾಟಿ ಹೊರಬೀಳುವ ಹೊತ್ತಿಗೆ ದೀಪ ಹಚ್ಚುವ ಸಮಯವಾಯಿತು. ತಂಗಿ ಅವ್ವನಿಗೆ ಉಡಿ ತುಂಬಿ ಕೆಂಪು ಖಣವೊಂದನ್ನು ಕೊಟ್ಟಳು. ನಾನು ಕಾರಿನ ದೀಪದ ಗುಂಡಿ ಎಳೆದೆ.

"ಮಾಮಾ, ಮುಂದಿನ ಲೈಟ್ ಹತ್ಯಾವ, ಹಿಂದಿನವು ಹತ್ತವಲ್ಲವು" ಎಂದು ತಂಗಿಯ ಮಗ ಕೂಗಿದ.

ಇಲ್ಲಿ ಸ್ವಲ್ಪ ಪಾಠ ಹೇಳುವ ಚಾಳಿಯನ್ನು ವಾಚಕರು ಕ್ಷಮಿಸಬೇಕು. ನನ್ನ ಕಾರಿನಲ್ಲಿ ಮುಂದಿನ ದೊಡ್ಡ ದೀಪಗಳ ದಾರಿ ಬೇರೆ; ಹಿಂದಿನ ಎರಡು ಕೆಂಪು ದೀಪ, ನಂಬರು ಫಲಕದ ಪುಟ್ಟ ದೀಪ, ಮುಂದೆ ಎರಡು ಬದಿಗಿರುವ ಸಣ್ಣ ದೀಪ ಇವುಗಳ ದಾರಿ ಬೇರೆ. ಈ ಸಣ್ಣವರ ಗುಂಪಿಗೆಲ್ಲ ಸೇರಿ ಒಂದು ಗಾಜಿನ ಫ್ಯೂಜು. ಕಿರುಬೆರಳಿನ ಅರ್ಧದಷ್ಟು ಗಾಜಿನ ಕೊಳವೆ, ಅದರೊಳಗೆ ಕೂದಲೆಳೆಯಂಥ ತಂತಿ. ದಾರಿಯಲ್ಲಿ ಎಲ್ಲಾದರೂ ವಿದ್ಯುತ್ತು ಮಿತಿಮೀರಿ ಹರಿದರೆ ಈ ಎಳೆ ತಾನು ಕರಗಿ ಬಾಗಿಲು ಮುಚ್ಚುತ್ತದೆ. ನಾನು ತೆಗೆದು ನೋಡಿದಾಗ ಗಾಜಿನೊಳಗೆ ಕಪ್ಪು ಮಸಿ.

ಗಾಡಿಯಲ್ಲಿ ಎರಡು ಫ್ಯೂಜು ಹೆಚ್ಚಿಗೆ ಇದ್ದುವು. ಒಂದನ್ನು ಹಾಕಿದೆ, ಗುಂಡಿ ಎಳೆದ ಗಳಿಗೆಯಲ್ಲೇ ಅದೂ 'ಚಟ್' ಎಂದಿತು. ಬಲ್ಬಿನ ಬುಡದಲ್ಲೇ ದೋಷವಿರಬೇಕೆಂದು ನಾನೂ ಹುಡುಗನೂ ಡಿಕ್ಕಿ ತೆಗೆದು, ಒಳಗಿನಿಂದ ತಂತಿಗಳನ್ನು ಅಲ್ಲಾಡಿಸಿ, ಬಲ್ಬುಗಳನ್ನು ತಿರುಗಿಸಿ ಕೂರಿಸಿದೆವು. ಎರಡನೆಯ ಫ್ಯೂಜು ಹಾಕಿದೆ. ಅಬ್ಬ! ಹಿಂದೆ ಎರಡೂ ದೀಪ ದಾಳಿಂಬೆ ಕಾಳಿನಂತೆ ಹೊಳೆದುವು. "ತಂತಿ ಸಡಿಲವಾಗಿತ್ತು, ಅಷ್ಟೆ" ಎಂದು ಹುಡುಗನಿಗೆ ಗಂಭೀರವಾಗಿ ಹೇಳಿದೆ. ಮೂವತ್ತು ವರ್ಷದ ಅನುಭವ ಮಾತನಾಡುತ್ತಿತ್ತು. ಅವ್ವನ ಗಂಟನ್ನು ಡಿಕ್ಕಿಯಲ್ಲಿಟ್ಟು, ದಪ್ಪನೆ ಮುಚ್ಚಿ, ಎಲ್ಲರಿಗೂ ಹೇಳಿ ಹೊರಟೆವು.

ಆಗ ಹರಪನಹಳ್ಳಿ ದಾವಣಗೆರೆ ಜಿಲ್ಲೆಯಲ್ಲಿತ್ತು, ಕೊಟ್ಟೂರು ಬಳ್ಳಾರಿ ಜಿಲ್ಲೆಯಲ್ಲಿ. ಹರಪನಹಳ್ಳಿ 2018ರಲ್ಲಿ ಮತ್ತೆ ಬಳ್ಳಾರಿಗೆ ಬಂದಿತು. 2021ರಲ್ಲಿ ಎರಡೂ ಊರುಗಳು ಹೊಸ ವಿಜಯನಗರ ಜಿಲ್ಲೆಗೆ ಸೇರಿದುವು. ಜಿಲ್ಲೆಗಳು ಹೀಗೆ ಕೂಡಿ ಕಳೆದರೂ ಊರಿಂದಾಚೆಯ ಕತ್ತಲೆಗೆ ಯಾವ ಗಡಿಯೂ ಇರಲಿಲ್ಲ. ಮುಂದಿನ ದೀಪಗಳ ಬೆಳಕಿನಲ್ಲಿ ನಡೆಯುವವರ ಸಾಲು ಕಾಣಿಸುವುದು, ಹಿಂದಾಗುವುದು. ನಾನು ನಿಧಾನವಾಗಿ ನಡೆಸುತ್ತಿದ್ದೆ. ನನಗೆ ಎಲ್ಲವೂ ಚೆನ್ನಾಗಿ ಕಾಣುತ್ತಿತ್ತು. ಅದೇ ಮೋಸ. ಕಾಣುವವನಿಗೆ ತಾನೂ ಕಾಣುತ್ತಿದ್ದೇನೆಂಬ ಭ್ರಮೆ ಸಹಜವಾಗಿಯೇ ಬರುತ್ತದೆ.

ಒಂದು ಚಹಾ ಅಂಗಡಿಯ ಮುಂದೆ ನಿಲ್ಲಿಸಿದಾಗ, ಅಲ್ಲಿ ನಿಂತಿದ್ದ ಲಾರಿಯ ಕ್ಲೀನರು ಹೇಳಿದ: "ಅಜ್ಜಾರ, ನಿಮ್ಮ ಗಾಡಿಗೆ ಹಿಂದ ಲೈಟೇ ಇಲ್ಲ." ಇಳಿದು ನೋಡಿದೆ. ಇರಲಿಲ್ಲ. ಫ್ಯೂಜು ಮತ್ತೆ ಹೋಗಿತ್ತು. ಯಾವಾಗ ಹೋಯಿತೋ ಶಿವನೇ ಬಲ್ಲ. ಸಣ್ಣ ದೀಪಗಳು ಆರಿದರೆ ಓಡಿಸುವವನಿಗೆ ತಿಳಿಯಲೆಂದು ಮೀಟರಿನೊಳಗೆ ಒಂದು ದೀಪವಿರುತ್ತದೆ. ನನ್ನ ಕಾರಿನಲ್ಲಿ ಅದು ಆರಿ ಹತ್ತು ವರ್ಷವಾಗಿತ್ತು.

ಹೆಚ್ಚಿಗೆ ಫ್ಯೂಜು ಇನ್ನಿರಲಿಲ್ಲ. ಆಗ ಆ ಕ್ಲೀನರು ನಮ್ಮ ದೇಶದ ರಸ್ತೆಗಳಲ್ಲೆಲ್ಲ ದೊರೆಯುವ ಉಪಾಯವನ್ನು ಹೇಳಿಕೊಟ್ಟ. ಸಿಗರೇಟು ಪೊಟ್ಟಣದ ಬೇಗಡೆ ಕಾಗದವನ್ನು ನಾಲ್ಕು ಮಡಿಕೆ ಮಾಡಿ, ಸತ್ತ ಫ್ಯೂಜಿಗೆ ಸುತ್ತಿ ಅದರ ಜಾಗದಲ್ಲೇ ಸಿಕ್ಕಿಸುವುದು. "ಇದು ಹೋಗಂಗೇ ಇಲ್ಲ ನೋಡ್ರಿ" ಎಂದ.

ಅದು ಹೋಗುವುದಿಲ್ಲ ಎಂಬುದೇ ಅದರ ದೋಷವೆಂದು ನನಗೆ ತಿಳಿಯದೆ? ಫ್ಯೂಜಿನ ಗುಣವೆಲ್ಲ ಅದು ಹೋಗುವುದರಲ್ಲಿದೆ. ಇದನ್ನು ನಾನು ಎಷ್ಟು ತರಗತಿಗಳಿಗೆ ಹೇಳಿಲ್ಲ! ಆದರೆ ಹೊತ್ತಾಗಿತ್ತು, ಅವ್ವ ದಣಿದಿದ್ದಳು, ಸುತ್ತ ನಾಲ್ಕು ಜನ ನೋಡುತ್ತ ನಿಂತಿದ್ದರು. ಕಪ್ಪು ಹಲಗೆಯ ಮುಂದೆ ಇರುವ ಧೈರ್ಯ ಕತ್ತಲ ರಸ್ತೆಯಲ್ಲಿ ಇರುವುದಿಲ್ಲ. ಸಿಕ್ಕಿಸಿ ಗುಂಡಿ ಎಳೆದೆ.

ದೀಪ ಹೊತ್ತಲಿಲ್ಲ. ಹೊಗೆ ಹೊತ್ತಿತು. ಸ್ಟೇರಿಂಗಿನ ಕೆಳಗಿನಿಂದ ಪ್ಲಾಸ್ಟಿಕ್ಕು ಕರಗುವ ಕಟುವಾಸನೆ ಬಂದು, ಹಿಂದಿನ ಸೀಟಿನಲ್ಲಿ ಅವ್ವ ಕೆಮ್ಮತೊಡಗಿದಳು. ಗುಂಡಿ ಒತ್ತಿ ಆರಿಸಿದೆ. ಬೇಗಡೆಯನ್ನು ಕಿತ್ತ ಕೈಬೆರಳುಗಳು ಸುಟ್ಟುವು. ಮೂರು ಸೆಕೆಂಡು ಹಿಡಿಯಿತೋ ನಾಲ್ಕೋ. ಅವ್ವನನ್ನು ಕೆಳಗಿಳಿಸಿ ಬೆಂಚಿನ ಮೇಲೆ ಕೂರಿಸಿ ನೀರು ಕೊಟ್ಟೆ. "ಏನಾತಪಾ ತಮ್ಮಾ?" ಎಂದಳು. ಏನೂ ಇಲ್ಲ ಎಂದೆ. ಆ ರಾತ್ರಿ ನಾನು ಹೇಳಿದ ಎರಡನೆಯ ಸುಳ್ಳು ಅದು. ತಂತಿ ಸಡಿಲವಾಗಿತ್ತು ಎಂದದ್ದು ಮೊದಲನೆಯದು.

ಮುಂದಿನ ದೀಪಗಳು ಎಂದಿನಂತೆ ಉರಿದುವು. ಇನ್ನು ಉಳಿದ ದಾರಿ ಹೆಚ್ಚಿಲ್ಲ, ಹೇಗೋ ಹೋಗಿಬಿಡೋಣ ಎಂದು ಹೊರಟೆ. ಎರಡು ಮೈಲಿ ಹೋಗಿರಬೇಕು. ಎದುರಿನಿಂದ ಬಂದ ಬಸ್ಸಿನ ಬೆಳಕು ಕಣ್ಣಿಗೆ ಹೊಡೆಯಿತೆಂದು ನಾನು ಇನ್ನೂ ನಿಧಾನ ಮಾಡಿದೆ. ಅಷ್ಟರಲ್ಲಿ ಹಿಂದೆ ಗಾಲಿಗಳು ರಸ್ತೆಗೆ ಉಜ್ಜಿದ ಕರ್ಕಶ ಶಬ್ದ. ಜನ ತುಂಬಿಕೊಂಡು ಬರುತ್ತಿದ್ದ ಒಂದು ಟೆಂಪೋಕ್ಕೆ ನನ್ನ ಗಾಡಿ ತೀರ ಹತ್ತಿರ ಬಂದ ಮೇಲೆ ಕಂಡಿದೆ. ಬಲಕ್ಕೆ ತಿರುಗಿಸಿದರೆ ಬಸ್ಸು. ಚಾಲಕ ಎಡಕ್ಕೆ ಎಳೆದ. ಎಡಕ್ಕೆ, ರಸ್ತೆಯ ಅಂಚಿನಲ್ಲಿ, ನಡೆಯುವವರ ಸಾಲು ಇತ್ತು.

ಹೆಂಗಸರು ಚೀರಿದರು. ಟೆಂಪೋ ಮಣ್ಣಿಗಿಳಿದು, ಒಂದು ಜಾಲಿಯ ಗಿಡಕ್ಕೆ ತಾಗಿ ನಿಂತಿತು. ನಾನು ಇಳಿದು ಓಡಿದಾಗ ಕಾಲಲ್ಲಿ ಬಲವಿರಲಿಲ್ಲ. ಕೊಟ್ಟೂರೇಶ್ವರನ ದಯ, ಯಾರಿಗೂ ಏನೂ ಆಗಿರಲಿಲ್ಲ. ಒಬ್ಬ ಹುಡುಗಿಯ ಬುತ್ತಿಯ ಚೀಲ ಗಾಲಿಯ ಕೆಳಗೆ ಸಿಕ್ಕಿ ರೊಟ್ಟಿ ಪುಡಿಯಾಗಿತ್ತು. ಆ ಚೀಲವನ್ನು ಅವಳು ಹಿಡಿದುಕೊಂಡು ನಿಂತದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಟೆಂಪೋದ ಚಾಲಕ, "ಮನ್ಯಾಗ ಹೇಳಿ ಬಂದೀಯೇನು?" ಎಂದು ಆರಂಭಿಸಿ ಇನ್ನೂ ಕೆಲವು ಮಾತು ಆಡಿದ; ಅವೆಲ್ಲ ಇಲ್ಲಿ ಬರೆಯತಕ್ಕವಲ್ಲ, ಆದರೆ ಒಂದೂ ಸುಳ್ಳಲ್ಲ. ನಡೆದು ಬಂದ ಗುಂಪಿನ ಮುದುಕರೊಬ್ಬರು ಮಾತ್ರ ಬಯ್ಯಲಿಲ್ಲ. ಕಾರಿನ ಮುಂದೆ ಒಮ್ಮೆ, ಹಿಂದೆ ಒಮ್ಮೆ ಹೋಗಿ ನೋಡಿ ಬಂದು, "ಏನಪಾ, ಮುಂದ ಎರಡು ಕಣ್ಣು ಇಟ್ಕೊಂಡು, ಹಿಂದ ಒಂದೂ ಇಟ್ಕೊಳ್ಳಿಲ್ಲಲ್ಲಪಾ ನೀನು" ಎಂದರು.

ಬಯ್ಗುಳಕ್ಕಿಂತ ಆ ಮಾತು ಹೆಚ್ಚು ನಾಟಿತು.

ಆಮೇಲೆ ಉಪಾಯ ಹೊಳೆದದ್ದು ವಿಜ್ಞಾನದ ಮೇಷ್ಟರಿಗಲ್ಲ, ಅವ್ವನಿಗೆ. ಗಾಡಿಯಲ್ಲಿದ್ದ ಟಾರ್ಚನ್ನು ಇಸಿದುಕೊಂಡಳು. ಅದರ ಮುಖಕ್ಕೆ ಉಡಿಯ ಕೆಂಪು ಖಣವನ್ನು ಎರಡು ಸುತ್ತು ಸುತ್ತಿದಳು. ಹಿಂದಿನ ಗಾಜಿಗೆ ಎದುರಾಗಿ ಸೀಟಿನ ಬೆನ್ನಿನ ಮೇಲೆ ಇಟ್ಟು, ಉರುಳದ ಹಾಗೆ ಕೈಯಲ್ಲಿ ಹಿಡಿದು ಓರೆಯಾಗಿ ಕುಳಿತಳು. "ನಡಿ ಇನ್ನ" ಎಂದಳು. ಉಳಿದ ದಾರಿಯೆಲ್ಲ ಆ ಎಂಬತ್ತರ ಮುದುಕಿಯೇ ನನ್ನ ಕಾರಿನ ಹಿಂದಿನ ದೀಪ.

ನಾನು ಎತ್ತಿನ ಗಾಡಿಯ ವೇಗದಲ್ಲಿ ನಡೆಸುತ್ತಿದ್ದೆ. ನಮ್ಮೂರಿಗೆ ಹೊಸಪೇಟೆಯಿಂದ ರೈಲು ಬಂದದ್ದು 1905ರಲ್ಲಿ. ನನ್ನ ಬಾಲ್ಯದಲ್ಲಿ ಅದು ಇನ್ನೂ ಮೀಟರ್ ಗೇಜಿನ ಸಣ್ಣ ರೈಲು. ಅಪ್ಪ ನನ್ನನ್ನು ಸ್ಟೇಷನ್ನಿಗೆ ಕರೆದುಕೊಂಡು ಹೋಗಿ ರೈಲು ತೋರಿಸುತ್ತಿದ್ದ. ನನಗೆ ಇಂಜಿನಿನ ಮೇಲೆ ಕಣ್ಣು. ಸ್ಟೇಷನ್ ಮಾಸ್ತರರಿಗೆ ಮಾತ್ರ ಕೊನೆಯ ಡಬ್ಬಿಯ ಕೆಂಪು ದೀಪದ ಮೇಲೆ. ಆ ದೀಪ ಕಂಡರೆ ರೈಲು ಇಡಿಯಾಗಿ ಬಂದಿತೆಂದು ಅರ್ಥ. ಅದು ಕಾಣದಿದ್ದರೆ ಯಾವುದೋ ಡಬ್ಬಿ ಕಳಚಿ ದಾರಿಯಲ್ಲಿ ಉಳಿದಿರಬಹುದು. ಅದು ಖಚಿತವಾಗುವವರೆಗೆ ಹಿಂದಿನಿಂದ ಇನ್ನೊಂದು ರೈಲನ್ನು ಬಿಡುವ ಹಾಗಿಲ್ಲ. ಹಗಲಿನಲ್ಲಿ ಅದೇ ಕೆಲಸಕ್ಕೆ ಎಲ್‌ವಿ ಎಂದು ಬರೆದ ಫಲಕ ತೂಗುಹಾಕುತ್ತಾರೆ. ಕೊನೆಯ ವಾಹನ ಎಂದು ಅದರ ಅರ್ಥ. ಇಂಜಿನಿನವನಿಗೆ ಆ ದೀಪ ಕಾಣುವುದೇ ಇಲ್ಲ. ಅದು ಇರುವುದು ಹಿಂದೆ ಬರುವವರಿಗಾಗಿ. ಇಷ್ಟು ಸಣ್ಣ ವಿಷಯ ಅಷ್ಟು ದೊಡ್ಡ ವಯಸ್ಸಿನಲ್ಲಿ ಹೊಳೆಯಿತು.

ಮರುದಿನ ಬೆಳಿಗ್ಗೆ ಗಾಡಿಯನ್ನು ಚಾಚಾನ ಷೆಡ್ಡಿಗೆ ತೆಗೆದುಕೊಂಡು ಹೋದೆ. ಊರಿನ ಗಾಡಿಗಳ ವೈರಿಂಗೆಲ್ಲ ಆತನ ಕೈಯಲ್ಲೇ ಆಗಬೇಕು; ಹಿಂದೂಗಳು, ಮುಸಲ್ಮಾನರು, ಹಿರಿಯರು, ಕಿರಿಯರು ಎಲ್ಲರಿಗೂ ಆತ ಚಾಚಾ. ನಾನು ಫ್ಯೂಜು ಹೋದ ಕಥೆಯನ್ನೆಲ್ಲ ಹೇಳಿದೆ. ಬೇಗಡೆಯ ಅಧ್ಯಾಯವನ್ನು ಬಿಟ್ಟು ಹೇಳಿದೆ. ಚಾಚಾ ಸ್ಟೇರಿಂಗಿನ ಕೆಳಗೆ ತಲೆ ಹಾಕಿ ಒಂದು ಸಲ ಮೂಸಿದ. ಹೊರಗೆ ಬಂದು ನನ್ನ ಮುಖ ನೋಡಿದ. "ಬೇಗಡಿ ಹಾಕಿದ್ರ್ಯಾ, ಮೇಷ್ಟ್ರೆ?"

ತಲೆ ತಗ್ಗಿಸಿದೆ. ತರಗತಿಯಲ್ಲಿ ನನ್ನ ಮುಂದೆ ಎಷ್ಟೋ ಹುಡುಗರು ಹಾಗೆ ನಿಂತಿದ್ದರು.

ಕೆಳಗಿನ ತಂತಿಗಳ ಕಟ್ಟನ್ನು ಬಿಚ್ಚಿ ತೋರಿಸಿದ. ಕೆಂಪು ತಂತಿಯ ಮೈಮೇಲಿನ ಹೊದಿಕೆ ಮೇಣದಂತೆ ಕರಗಿ, ಪಕ್ಕದ ಎರಡು ತಂತಿಗಳಿಗೆ ಅಂಟಿಕೊಂಡಿತ್ತು. "ಇದು ನೀವು ಮಾಡಿದ್ದು. ಮೊದಲಿಂದು ಇನ್ನೂ ಒಳಗೈತಿ. ಫ್ಯೂಜು ಹೋಗೋದು ರೋಗ ಅಲ್ರಿ, ಅದು ಜ್ವರ. ರೋಗ ಬ್ಯಾರೆ ಕಡೆ ಇರತೈತಿ. ನೀವು ಜ್ವರದ ಬಾಯಿ ಮುಚ್ಚಿದ್ರಿ."

ಸುಟ್ಟ ತಂತಿಗಳನ್ನು ಬಿಡಿಸಿ, ಸದ್ಯಕ್ಕೆ ಟೇಪು ಸುತ್ತಿ ಒಂದಕ್ಕೊಂದು ತಾಗದಂತೆ ಮಾಡಿದ. ಆಮೇಲೆ ಫ್ಯೂಜಿನ ಜಾಗದಲ್ಲಿ ಹೊಸ ಫ್ಯೂಜನ್ನು ಹಾಕುವ ಬದಲು, ಎರಡು ತಂತಿ ಕಟ್ಟಿದ ಒಂದು ಬಲ್ಬನ್ನು ಸಿಕ್ಕಿಸಿದ. ಬ್ರೇಕು ಒತ್ತಿದಾಗ ಹತ್ತುವ 21 ವಾಟಿನ ಬಲ್ಬು ಅದು. "ಫ್ಯೂಜು ಆದ್ರ ಒಂದ ಮಾತು ಹೇಳಿ ಸಾಯತೈತಿ. ಇದು ಸಾಯೋದಿಲ್ಲ, ಹೇಳ್ತಾನ ಇರತೈತಿ" ಎಂದ.

ಈ ಬಲ್ಬಿನ ಜಾಣತನವನ್ನು ಸ್ವಲ್ಪ ವಿವರಿಸಬೇಕು. ಬ್ಯಾಟರಿ 12 ವೋಲ್ಟಿನದು. ಹಿಂದಿನ ಒಂದು ಸಣ್ಣ ದೀಪ 5 ವಾಟಿನದು. ಅದು ಎಳೆದುಕೊಳ್ಳುವ ವಿದ್ಯುತ್ತು ಅರ್ಧ ಆಂಪಿಯರಿಗಿಂತ ಕಡಿಮೆ. ಐದು ದೀಪ ಸೇರಿದರೂ ಎರಡು ಆಂಪಿಯರಿನ ಸುಮಾರು; 10 ಆಂಪಿಯರಿನ ಫ್ಯೂಜು ನೆಮ್ಮದಿಯಾಗಿರುತ್ತದೆ. ವಿದ್ಯುತ್ತು ತಂತಿಯಲ್ಲಿ ಹೋಗಿ, ದೀಪದ ಎಳೆಯಲ್ಲಿ ದುಡಿದು, ಕಾರಿನ ಕಬ್ಬಿಣದ ಮೈಯ ಮೂಲಕ ಬ್ಯಾಟರಿಗೆ ಮರಳುತ್ತದೆ. ಆದರೆ ನಡುದಾರಿಯಲ್ಲೇ ತಂತಿಯ ಹೊದಿಕೆ ಹರಿದು ಕಬ್ಬಿಣಕ್ಕೆ ತಾಗಿತೆನ್ನಿ. ಆಗ ಅದಕ್ಕೆ ದೀಪದವರೆಗೆ ಹೋಗಿ ದುಡಿಯುವ ಅಗತ್ಯವಿಲ್ಲ. ಅಡ್ಡದಾರಿ ಹಿಡಿದು ಮನೆಗೆ ಮರಳುತ್ತದೆ. ದಾರಿಯಲ್ಲಿ ತಡೆಯುವುದೇನೂ ಇಲ್ಲದ್ದರಿಂದ ಹರಿವು ನೂರು ಆಂಪಿಯರಿಗೂ ಏರಬಹುದು. ಇಂಜಿನನ್ನೇ ತಿರುಗಿಸಿ ಎಬ್ಬಿಸುವ ಬ್ಯಾಟರಿಗೆ ಅದೇನೂ ದೊಡ್ಡ ಮಾತಲ್ಲ. ನನ್ನ ಪಠ್ಯಪುಸ್ತಕದ 'ಹ್ರಸ್ವಮಂಡಲ' ಇದೇ. ಚಾಚಾನ ಷೆಡ್ಡಿನಲ್ಲಿ ಅದರ ಹೆಸರು 'ಶಾರ್ಟು'. ಫ್ಯೂಜಿನ ಜಾಗದಲ್ಲಿ ಬಲ್ಬು ಕುಳಿತಿದ್ದರೆ ಶಾರ್ಟು ಇರುವಷ್ಟು ಹೊತ್ತೂ 12 ವೋಲ್ಟೂ ಅದರ ಮೇಲೆಯೇ ಬಿದ್ದು, ಅದೊಂದೇ ಪ್ರಖರವಾಗಿ ಉರಿಯುತ್ತದೆ. ಹರಿವು ಎರಡು ಆಂಪಿಯರನ್ನೂ ಮೀರುವುದಿಲ್ಲವಾದ್ದರಿಂದ ತಂತಿ ಸುಡುವುದಿಲ್ಲ. ಶಾರ್ಟು ಬಿಟ್ಟಿತೋ, ಈ ಬಲ್ಬು ಮಂಕಾಗಿ, ಉಳಿದ ಸಣ್ಣ ದೀಪಗಳು ಬೆಳಗುತ್ತವೆ.

ಗುಂಡಿ ಎಳೆದಾಗ ಬಲ್ಬು ಪ್ರಖರವಾಗಿ ಹೊತ್ತಿತು. ರೋಗ ಇತ್ತು. ಇನ್ನು ಅದರ ಮನೆ ಹುಡುಕಬೇಕು.

ಅಷ್ಟರಲ್ಲಿ ಐದಾರು ಜನ ಸೇರಿದ್ದರು. ನಮ್ಮೂರಿನಲ್ಲಿ ಬಾನೆಟ್ಟು ತೆರೆದ ಕಾರು ಮತ್ತು ಇಸ್ಪೀಟಿನಾಟ, ಇವೆರಡಕ್ಕೆ ಸಲಹೆಗಾರರನ್ನು ಕರೆಯಬೇಕಾಗಿಲ್ಲ. ಒಬ್ಬರು ಇಲಿ ಕಡಿದಿದೆ ಎಂದರು. ಒಬ್ಬರು ದೀಪದೊಳಗೆ ನೀರು ನಿಂತಿದೆ ಎಂದರು. ಮೂರನೆಯವರು ಗಾಡಿಯನ್ನೇ ಮಾರಿಬಿಡುವುದು ಲೇಸು ಎಂದರು. ಚಾಚಾ ಯಾರ ಮಾತಿಗೂ ಇಲ್ಲವೆನ್ನಲಿಲ್ಲ, ಹೌದೆನ್ನಲೂ ಇಲ್ಲ. ಮುಂದಿನ ಎಡಗಡೆಯ ಸಣ್ಣ ದೀಪದ ತಂತಿ ಬಿಚ್ಚಿದ. ಬಲ್ಬು ಹಾಗೆಯೇ ಉರಿಯಿತು. ಬಲಗಡೆಯದನ್ನು ಬಿಚ್ಚಿದ, ಹಾಗೆಯೇ. ಮೀಟರಿನ ತಂತಿ ಬಿಚ್ಚಿದ, ಹಾಗೆಯೇ. ಒಂದೊಂದು ಸಲವೂ "ಇಲ್ಲಿ ಇಲ್ಲ" ಎಂದಷ್ಟೇ ಹೇಳುತ್ತಿದ್ದ. 'ಇಲ್ಲಿರಬಹುದು' ಎಂಬ ಮಾತು ಆತನ ಬಾಯಲ್ಲಿ ಒಮ್ಮೆಯೂ ಬರಲಿಲ್ಲ. ನಾನು ಹಿಂದಿನ ಸಂಜೆಯೆಲ್ಲ ಆಡಿದ್ದು ಆ ಒಂದೇ ಮಾತು.

"ಏ ತಮ್ಮಾ, ಡಿಕ್ಕಿ ತೆಗಿ, ಹಿಂದಿನ ವೈರು ಬಿಚ್ಚು" ಎಂದು ತನ್ನ ಹುಡುಗನಿಗೆ ಹೇಳಿದ. ಹುಡುಗ ಡಿಕ್ಕಿಯನ್ನು ಎತ್ತಿದ. ತಂತಿಯನ್ನು ಅವನಿನ್ನೂ ಮುಟ್ಟಿಯೂ ಇರಲಿಲ್ಲ. ಮುಂದಿದ್ದ ಬಲ್ಬು ಕಣ್ಣು ಮುಚ್ಚುವಂತೆ ಮಂಕಾಯಿತು.

"ನಿಲ್ಲು! ಏನೂ ಮುಟ್ಟಬ್ಯಾಡ. ಮುಚ್ಚು."

ಮುಚ್ಚಿದ. ಬಲ್ಬು ಭಗ್ಗನೆ ಉರಿಯಿತು.

"ತೆಗಿ." ಮಂಕಾಯಿತು. "ಮುಚ್ಚು." ಉರಿಯಿತು.

ಸಲಹೆಗಾರರೆಲ್ಲ ಮೌನವಾದರು. ನನಗೆ ತಂಗಿಯ ಮನೆಯ ಅಂಗಳ ಕಣ್ಣ ಮುಂದೆ ಬಂದಿತು. ಡಿಕ್ಕಿ ತೆಗೆದಿದ್ದಾಗ ದೀಪ ಹೊತ್ತಿತ್ತು. ಅವ್ವನ ಗಂಟಿಟ್ಟು ದಪ್ಪನೆ ಮುಚ್ಚಿದಾಗಲೇ ಫ್ಯೂಜು ಹೋಗಿತ್ತು. ರೋಗವನ್ನು ಹುಡುಕಲೆಂದು ನಾನು ತೆರೆದಾಗಲೆಲ್ಲ ಅದು ಅಡಗಿಕೊಂಡಿತ್ತು. ಹುಡುಕಿ ಆಯಿತೆಂದು ಮುಚ್ಚಿದಾಗ ಮತ್ತೆ ಬಂದು ಕುಳಿತಿತ್ತು. ನಮ್ಮ ಭಾಷೆಯಲ್ಲಿ ಕಾರಿನ ಹಿಂದಿನ ಪೆಟ್ಟಿಗೆಗೂ, ಎರಡು ಗಾಡಿಗಳ ಹೊಡೆತಕ್ಕೂ 'ಡಿಕ್ಕಿ' ಎಂಬ ಒಂದೇ ಮಾತು ಏಕಿದೆಯೋ ಪಂಡಿತರು ಹೇಳಬೇಕು. ಒಂದು ಡಿಕ್ಕಿಯ ದೋಷ ಇನ್ನೊಂದು ಡಿಕ್ಕಿಗೆ ಕಾರಣವಾಗುವುದು ಕೂದಲೆಳೆಯಲ್ಲಿ ತಪ್ಪಿತ್ತು.

ಚಾಚಾ ಡಿಕ್ಕಿಯ ಮುಚ್ಚಳದ ಕೀಲಿನ ಬಳಿ ಬೆರಳಿಟ್ಟು ತೋರಿಸಿದ. ನಂಬರು ಫಲಕದ ಮೇಲಿನ ಪುಟ್ಟ ದೀಪ ಇರುವುದು ಆ ಮುಚ್ಚಳದ ಮೇಲೆ. ಅದರ ತಂತಿ ಕೀಲನ್ನು ಹಾದು ಹೋಗಬೇಕು. ವರ್ಷಗಟ್ಟಲೆ ತೆರೆದು ಮುಚ್ಚಿ, ತಂತಿ ಮಡಚಿ ಬಿಚ್ಚಿ, ಕೀಲಿನ ತೋಳು ಉಜ್ಜುವ ಕಡೆ ಅಕ್ಕಿಕಾಳಿನಷ್ಟು ಹೊದಿಕೆ ಸವೆದು, ಒಳಗಿನ ತಾಮ್ರ ಹೊಳೆಯುತ್ತಿತ್ತು. ಮುಚ್ಚಿದಾಗ ಕೀಲು ಅದನ್ನು ಒತ್ತುತ್ತಿತ್ತು, ತೆರೆದಾಗ ಬಿಡುತ್ತಿತ್ತು. ಹಿಂದೆ ಕೆಂಪು ದೀಪವಿರಬೇಕು, ರಾತ್ರಿ ನಂಬರು ಓದಲು ಬರುವಂತೆ ಫಲಕದ ಮೇಲೆ ಬಿಳಿಯ ದೀಪವಿರಬೇಕು ಎಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುತ್ತವೆ. ಅಂಥ ಆ ಬಿಳಿಯ ದೀಪದ ತಂತಿಯಲ್ಲಿ ಅಕ್ಕಿಕಾಳಿನಷ್ಟು ಸವೆತ. ಅದರಿಂದ ಐದು ದೀಪ ಕತ್ತಲು, ಒಂದು ಟೆಂಪೋ ಮಣ್ಣಿಗೆ, ಒಂದು ಹುಡುಗಿಯ ರೊಟ್ಟಿ ಪುಡಿ.

ಚಾಚಾ ಸವೆದ ತುಂಡನ್ನು ಕತ್ತರಿಸಿ, ಹೊಸ ತಂತಿ ಬೆಸೆದು, ಮೇಲೆ ಕೊಳವೆಯ ಹೊದಿಕೆ ಏರಿಸಿ, ಕೀಲಿಗೆ ತಾಗದಂತೆ ಸ್ವಲ್ಪ ಸಡಿಲು ಬಿಟ್ಟು ಬೇರೆ ಕಡೆ ಕಟ್ಟಿದ. ಅದಕ್ಕೆ ಹಿಡಿದದ್ದು ಕಾಲು ಗಂಟೆ. ಸ್ಟೇರಿಂಗಿನ ಕೆಳಗಿನ ಸುಟ್ಟ ತಂತಿಗಳನ್ನೆಲ್ಲ ತೆಗೆದು ಹೊಸದಾಗಿ ಎಳೆಯುವುದಕ್ಕೆ ಸಂಜೆಯಾಯಿತು. ಲೆಕ್ಕ ಹೇಳುವಾಗ ಎರಡನ್ನೂ ಬೇರೆ ಬೇರೆಯಾಗಿ ಹೇಳಿದ: "ಗಾಡಿಯ ತಪ್ಪಿಗೆ 30 ರೂಪಾಯಿ. ನಿಮ್ಮ ಬೇಗಡಿಗೆ 1,800."

ಈ ಲೆಕ್ಕವನ್ನು ನಾನು ಬಹಳ ದಿನ ಮನಸ್ಸಿನಲ್ಲಿ ಹಾಕುತ್ತಲೇ ಇದ್ದೆ. ವಿದ್ಯುತ್ತಿಗೆ ಬುದ್ಧಿಯಿಲ್ಲ, ಅಡ್ಡದಾರಿ ಸಿಕ್ಕಿದರೆ ಅದರಲ್ಲೇ ನುಗ್ಗುತ್ತದೆ, ಅದು ಅದರ ಸ್ವಭಾವ. ಆದರೆ ಬುದ್ಧಿಯಿದ್ದ ನಾನೂ ಆ ರಾತ್ರಿ ಮಾಡಿದ್ದು ಅದನ್ನೇ. ದುಡಿಯಬೇಕಾದ ದಾರಿಯನ್ನು ಬಿಟ್ಟು ಬೇಗ ಮನೆ ಸೇರುವ ದಾರಿ ಹಿಡಿದೆ. ಎರಡು ಅಂಕದ ಆ ಪ್ರಶ್ನೆಗೆ ಈಗ ಯಾರಾದರೂ ಹುಡುಗ ಉತ್ತರ ಕೇಳಿದರೆ ನನ್ನ ಬೆರಳ ತುದಿಯ ಕಲೆಯನ್ನು ತೋರಿಸುತ್ತೇನೆ.

ಆ ಸಂಜೆ ಗಾಡಿ ಮನೆಗೆ ತಂದಾಗ ಅವ್ವ ಕಟ್ಟೆಯ ಮೇಲೆ ಕುಳಿತಿದ್ದಳು. ಬೀದಿಯಲ್ಲಿ ನಡೆದು ಬಂದವರ ಗುಂಪುಗಳು ಗುಡಿಯ ಕಡೆಗೆ ಕುಂಟುತ್ತ ಹೋಗುತ್ತಿದ್ದುವು. ನಾನು ಗುಂಡಿ ಎಳೆದು, ಡಿಕ್ಕಿಯನ್ನು ಮೂರು ಸಲ ತೆಗೆದು ಮುಚ್ಚಿ ಅವಳಿಗೆ ತೋರಿಸಿದೆ. ದೀಪಗಳು ಕದಲಲಿಲ್ಲ. ಅವ್ವ ನೋಡಿ, "ಚಲೋ ಆತು ಬಿಡು, ನನಗ ಕೈ ನೋಯತಿತ್ತು" ಎಂದಳು. ರಾತ್ರಿಯಿಡೀ ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಅಂದಿನಿಂದ ಕತ್ತಲಲ್ಲಿ ಎಲ್ಲಿಗೆ ಹೊರಟರೂ, ಸೀಟಿನಲ್ಲಿ ಕುಳಿತ ಕೂಡಲೇ ಅವ್ವನ ಪ್ರಶ್ನೆ: "ಹಿಂದ ನೋಡಿ ಬಂದ್ಯಾ ತಮ್ಮಾ?" ನಾನು ಇಳಿದು, ಹಿಂದೆ ಹೋಗಿ ನೋಡಿ ಬಂದು ಹೇಳಿದ ಮೇಲೆಯೇ ಅವಳಿಗೆ ಸಮಾಧಾನ. ಈಗ ಕೇಳಲು ಅವಳಿಲ್ಲ. ಆದರೂ ನಾನು ಇಳಿದು ಹೋಗಿ ನೋಡಿಯೇ ಬರುತ್ತೇನೆ. ನೋಡಿ ಬಂದೆ ಎಂದು ಒಮ್ಮೊಮ್ಮೆ ಬಾಯಿಬಿಟ್ಟು ಹೇಳಿಯೂಬಿಡುತ್ತೇನೆ.